ಎರಡು ಪಕ್ಷಗಳ ಮಾತು ಕೇಳಿದರೆ ಎರಡೂ ಬದಿ ಕೇಳಿದಂತಲ್ಲ

ಪತ್ರಿಕೆಯೊಂದನ್ನು ಅಳೆಯಲು ನಮ್ಮಲ್ಲಿ ಬಳಕೆಯಲ್ಲಿರುವುದು ಒಂದೇ ಮಾನದಂಡ: ಅದು ಯಾವ ಪಕ್ಷದ ಕಡೆ ವಾಲಿದೆ? ಬಿಜೆಪಿಯವರಿಗೂ ಕಾಂಗ್ರೆಸ್‌ನವರಿಗೂ ಸರಿಸಮ ಜಾಗ ಕೊಟ್ಟರೆ ಓದುಗರು ಅದನ್ನು ನಿಷ್ಪಕ್ಷಪಾತಿ ಎಂದು ಒಪ್ಪುತ್ತಾರೆ, ಸಂಪಾದಕರಿಗೂ ನೆಮ್ಮದಿ. ಈ ಮಾನದಂಡವೇ ಸಾಲದು ಎಂಬುದು ನನ್ನ ವಾದ. ಪಕ್ಷಗಳಿಂದ ಸಮಾನ ದೂರ ಕಾಯ್ದುಕೊಂಡ ಪತ್ರಿಕೆಯೂ ದುಡಿಯುವವರು ಮತ್ತು ದುಡಿಸಿಕೊಳ್ಳುವವರ ನಡುವಿನ ವ್ಯಾಜ್ಯದಲ್ಲಿ ದಿನವೂ ಒಂದೇ ಬದಿಗೆ ನಿಂತಿರಬಹುದು. ನಮ್ಮ ಮುಖ್ಯವಾಹಿನಿಯ ಪತ್ರಿಕೆಗಳಲ್ಲಿ ಹೆಚ್ಚಿನವು ಹಾಗೆಯೇ ನಿಂತಿವೆ.

2020ರ ಡಿಸೆಂಬರ್ 12ನ್ನು ನೆನೆಯಿರಿ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಆ್ಯಪಲ್‌ಗಾಗಿ ಐಫೋನ್ ಜೋಡಿಸುತ್ತಿದ್ದ, ತೈವಾನ್ ಮೂಲದ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯ ಕಾರ್ಮಿಕರು ಬೆಳಗಿನ ಹೊತ್ತು ಗಾಜು ಒಡೆದರು, ವಾಹನ ಉರುಳಿಸಿದರು. ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಮೊದಲ ದಿನಗಳ ಸುದ್ದಿಯಲ್ಲಿ ಎದ್ದು ಕಂಡ ಅಂಕಿ 437 ಕೋಟಿ ರೂಪಾಯಿ. ಪೊಲೀಸರಿಗೆ ಕಂಪನಿಯ ಕಡೆಯಿಂದ ಹೋದ ದೂರಿನಲ್ಲಿದ್ದ ನಷ್ಟದ ಲೆಕ್ಕ ಅದು. ಅದರ ಬೆನ್ನಿಗೇ ಹೂಡಿಕೆದಾರರ ವಿಶ್ವಾಸ ಏನಾದೀತು, ರಾಜ್ಯದ ಹೆಸರು ಏನಾದೀತು ಎಂಬ ಆತಂಕ ಶುರುವಾಯಿತು. ಕೆಲವೇ ದಿನಗಳಲ್ಲಿ ಕಂಪನಿ ತೈವಾನಿನ ಷೇರುಪೇಟೆಗೆ ತಿಳಿಸಿದ ಅಂದಾಜು ಸುಮಾರು 26ರಿಂದ 52 ಕೋಟಿಗೆ ಇಳಿದಿತ್ತು.

ಆಮೇಲೆ ಹೊರಬಿದ್ದದ್ದು ಕಾರ್ಖಾನೆಗಳ ಇಲಾಖೆಯ ಪ್ರಾಥಮಿಕ ವರದಿ. ಅಲ್ಪಾವಧಿಯಲ್ಲೇ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅವರಲ್ಲಿ ಬಹುಪಾಲು ಗುತ್ತಿಗೆಯವರು. ಪಾಳಿ 12 ಗಂಟೆಗೆ ಹಿಗ್ಗಿತ್ತು, ಹಾಜರಾತಿಯ ವ್ಯವಸ್ಥೆ ಕೆಟ್ಟಿತ್ತು, ಸಂಬಳದ ಲೆಕ್ಕ ತಪ್ಪಿತ್ತು. ಘಟನೆ ನಡೆದ ವಾರದಲ್ಲೇ ಕಂಪನಿ, ಕೆಲವರಿಗೆ ಸರಿಯಾಗಿ ಅಥವಾ ಸಮಯಕ್ಕೆ ಸಂಬಳ ಕೊಟ್ಟಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. ಆ್ಯಪಲ್ ವಿಸ್ಟ್ರಾನನ್ನು ಪ್ರೊಬೇಷನ್‌ನಲ್ಲಿಟ್ಟಿತು.

ಈ ವಿವರಗಳನ್ನು ಪ್ರಕಟಿಸಿದ್ದೂ ಪತ್ರಿಕೆಗಳೇ, ನಿಜ. ವಸ್ತುನಾಶ ಸುದ್ದಿಯಾಗಲೇಬೇಕು, ಅದನ್ನೂ ಒಪ್ಪೋಣ. ಆದರೆ ಯಾವುದು ಮೊದಲು ಬಂತು, ಯಾವುದು ಪರಿಶೀಲನೆಯಿಲ್ಲದೆ ಬಂತು ಎಂಬುದನ್ನು ಗಮನಿಸಬೇಕು. ಕಂಪನಿಯ ನಷ್ಟ ಮೊದಲ ದಿನಗಳಲ್ಲೇ ಸುದ್ದಿಯಾಯಿತು. ಕಾರ್ಮಿಕನ ಸಂಬಳದ ನಷ್ಟ ಆರೋಪದ ಮಟ್ಟ ದಾಟಲು ಸರ್ಕಾರಿ ಇಲಾಖೆಯ ಮುದ್ರೆ ಬೇಕಾಯಿತು. ಒಂದು ಕಡೆಯ ಹೇಳಿಕೆಯನ್ನು ಮಾಹಿತಿಯೆಂದೂ ಇನ್ನೊಂದು ಕಡೆಯದನ್ನು ಆರೋಪವೆಂದೂ ಎಣಿಸುವ ಅಭ್ಯಾಸಕ್ಕೆ ಯಾವ ಪಕ್ಷದ ಕುಮ್ಮಕ್ಕೂ ಬೇಕಿಲ್ಲ.

ಇನ್ನೂ ಮುಖ್ಯವಾದದ್ದು ಮುಂದಿನ ಕತೆ. 2023ರ ಫೆಬ್ರುವರಿಯಲ್ಲಿ ರಾಜ್ಯದ ಬಿಜೆಪಿ ಸರ್ಕಾರ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿಕೊಟ್ಟಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಓವರ್‌ಟೈಮ್ ಮಿತಿಯನ್ನು 145ಕ್ಕೆ ಏರಿಸಿತು. ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಅದನ್ನು ರದ್ದು ಮಾಡಲಿಲ್ಲ. ನರಸಾಪುರದ ಸಿಟ್ಟಿಗೆ ಕಾರಣಗಳಲ್ಲೊಂದಾಗಿದ್ದ 12 ಗಂಟೆಯ ದಿನ ಕಾನೂನಿನೊಳಗೇ ಬಂದು ಕೂತಿತು. ಪಕ್ಷಗಳು ಕಚ್ಚಾಡುವ ವಿಷಯದಲ್ಲಿ ಇಬ್ಬರ ಹೇಳಿಕೆ ಪಡೆದರೆ ಸಮತೋಲನ ಬಂದೀತು. ಪಕ್ಷಗಳೇ ಒಂದಾದ ಕಡೆ ಆ ಸೂತ್ರ ಕೈಕೊಡುತ್ತದೆ. ಕಾರ್ಮಿಕರಿಗೆ ಪತ್ರಿಕೆಯ ಅಗತ್ಯ ಅತಿ ಹೆಚ್ಚು ಇರುವುದು ಅಂಥ ಹೊತ್ತಿನಲ್ಲೇ.

ಆರ್ಥಿಕ ಪುಟಗಳಲ್ಲೂ ಇದೇ ತಾರತಮ್ಯ. ರಾಜ್ಯದ ಕಾಂಗ್ರೆಸ್ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳ ಬಗ್ಗೆ ಮೊದಲ ದಿನದಿಂದಲೂ ಕೇಳಿದ ಪ್ರಶ್ನೆ: ಹಣ ಎಲ್ಲಿಂದ? 2024–25ರಲ್ಲಿ ಅವಕ್ಕೆ ಇಟ್ಟ ಮೊತ್ತ ಸುಮಾರು 52 ಸಾವಿರ ಕೋಟಿ, ಹಾಗಾಗಿ ಪ್ರಶ್ನೆ ನ್ಯಾಯವಾದದ್ದೇ. ಆದರೆ 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಕಾರ್ಪೊರೇಟ್ ತೆರಿಗೆಯ ಮೂಲ ದರವನ್ನು ಶೇ 30ರಿಂದ 22ಕ್ಕೆ ಇಳಿಸಿತು. ವರ್ಷಕ್ಕೆ 1.45 ಲಕ್ಷ ಕೋಟಿ ವರಮಾನ ಖೋತಾ ಎಂದು ಸರ್ಕಾರವೇ ಹೇಳಿತು. ಅಂದು ಸೆನ್ಸೆಕ್ಸ್ 1,900 ಅಂಶಗಳಿಗಿಂತ ಹೆಚ್ಚು ಜಿಗಿಯಿತು, ಆ ಜಿಗಿತವೇ ಮುಖಪುಟದ ಸುದ್ದಿಯಾಯಿತು. ಒಂದು ಕೇಂದ್ರದ ಲೆಕ್ಕ, ಇನ್ನೊಂದು ರಾಜ್ಯದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು ಎನ್ನಬಹುದು. ಮೊತ್ತ ಹೋಲಿಸಬೇಡಿ, ಪ್ರಶ್ನೆಗಳನ್ನು ಹೋಲಿಸಿ. ಗ್ಯಾರಂಟಿಗಳಲ್ಲೊಂದಾದ ಗೃಹಲಕ್ಷ್ಮಿಯ 2,000 ರೂಪಾಯಿಯಿಂದ ಮಹಿಳೆ ಏನು ಮಾಡಿದಳು ಎಂದು ವರ್ಷವಿಡೀ ವಿಚಾರಿಸುವವರು, ತೆರಿಗೆ ಉಳಿಸಿಕೊಂಡ ಕಂಪನಿ ಎಷ್ಟು ಹೂಡಿತು, ಎಷ್ಟು ಕೆಲಸ ಕೊಟ್ಟಿತು ಎಂದು ಅದೇ ಹಟದಿಂದ ಏಕೆ ವಿಚಾರಿಸುವುದಿಲ್ಲ?

ಮಾಲೀಕರ ಅಪ್ಪಣೆಯಿಂದಲೇ ಇದೆಲ್ಲ ನಡೆಯುತ್ತದೆ ಎಂಬ ಎಡಪಂಥೀಯರ ಸಿದ್ಧ ಉತ್ತರವೂ ನನಗೆ ಪೂರ್ಣ ಅನಿಸುವುದಿಲ್ಲ. ಜಾಹೀರಾತಿನ ಹಿಡಿತ ದೊಡ್ಡದು, ಆದರೆ ಸುದ್ದಿಮನೆಯ ನಿತ್ಯದ ರಚನೆಯೇ ಹೆಚ್ಚು ಕೆಲಸ ಮಾಡುತ್ತದೆ. ವಾಣಿಜ್ಯ ಪುಟವಿದೆ, ದುಡಿಮೆಯ ಪುಟವಿಲ್ಲ. ಬಜೆಟ್ ದಿನ ರಾಜ್ಯದ ವಾಣಿಜ್ಯೋದ್ಯಮಿಗಳ ಒಕ್ಕೂಟವಾದ ಎಫ್‌ಕೆಸಿಸಿಐನ ಅಧ್ಯಕ್ಷರ ಪ್ರತಿಕ್ರಿಯೆ ಕರೆಯದೆಯೇ ಬರುತ್ತದೆ. ಅಂಗನವಾಡಿ ಕಾರ್ಯಕರ್ತೆ ಮಾತಾಡಬೇಕಾದರೆ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂರಬೇಕು. ಕೂತಾಗಲೂ ಸಂಚಾರ ಅಸ್ತವ್ಯಸ್ತಗೊಂಡ ಸುದ್ದಿಯೇ ಮುಂದಾಗುತ್ತದೆ. ಗ್ರಾಮೀಣ ಮತ್ತು ಕಾರ್ಮಿಕ ವರದಿಗೆ ಪೂರ್ಣಾವಧಿಯ ವರದಿಗಾರರೇ ಇಲ್ಲದಂತಾದುದನ್ನು ಪತ್ರಕರ್ತ ಪಿ. ಸಾಯಿನಾಥ್ ದಶಕಗಳಿಂದ ಹೇಳುತ್ತಿದ್ದಾರೆ. ವರದಿಗಾರರ ಪ್ರಾಮಾಣಿಕತೆ ಎಷ್ಟೇ ಇದ್ದರೂ, ಕಾರ್ಖಾನೆ ಗೇಟಿನ ಬಳಿ ಯಾರೂ ಇರದಿದ್ದರೆ ಅಲ್ಲಿನ ಸುದ್ದಿ ಬರುವುದು ಪೊಲೀಸ್ ಠಾಣೆಯಿಂದಲೇ.

ಹಾಗಾಗಿ ಪತ್ರಿಕೆಗಳು ಎಡಕ್ಕೆ ವಾಲಲಿ ಎಂದು ನಾನು ಕೇಳುತ್ತಿಲ್ಲ. ಗ್ಯಾರಂಟಿಗಳನ್ನು ಪ್ರಶ್ನಿಸುವುದು ನಿಲ್ಲಲಿ ಎಂದೂ ಅಲ್ಲ. ಕೈಗಾರಿಕಾ ಪ್ರದೇಶವಿರುವ ಜಿಲ್ಲೆಯಲ್ಲಿ ಒಬ್ಬ ಕಾರ್ಮಿಕ ವರದಿಗಾರ ಇರಲಿ. ನಷ್ಟದ ಅಂಕಿ ಅಚ್ಚಾಗುವ ಮೊದಲು ಬಾಕಿ ಸಂಬಳದ ಅಂಕಿಯನ್ನೂ ಕೇಳಲಿ. ತೆರಿಗೆ ರಿಯಾಯಿತಿಗೂ ಬಡವರ ಯೋಜನೆಗೂ ಒಂದೇ ಪರೀಕ್ಷೆ ಇರಲಿ. ಇಷ್ಟನ್ನೂ ಮಾಡದ ಪತ್ರಿಕೆ ಎಲ್ಲ ಪಕ್ಷಗಳಿಂದಲೂ ಬೈಸಿಕೊಳ್ಳಬಹುದು, ಆ ಬೈಗುಳವನ್ನೇ ಸ್ವಾತಂತ್ರ್ಯದ ಪುರಾವೆಯೆಂದು ತೋರಿಸಬಹುದು. ದುಡಿಯುವ ಓದುಗ ಅದನ್ನು ಒಪ್ಪಬೇಕಾಗಿಲ್ಲ.