ತಂಬಾಕಿನ ವಖಾರಿಗೆ ಹೊಕ್ಕ ಕ್ಯಾಮೆರಾ

ಕೃಷ್ಣೆಗೆ ಮಹಾಪೂರ ಬಂದಾಗಲೆಲ್ಲ ಅಥಣಿ, ಕಾಗವಾಡ, ರಾಯಬಾಗದ ನದಿದಂಡೆಯ ಹಳ್ಳಿಗಳು ಪತ್ರಿಕೆಗಳ ಮುಖಪುಟಕ್ಕೆ ಬರುತ್ತವೆ. 2005, 2019, 2021ರಲ್ಲಿ ಎದೆಮಟ್ಟದ ನೀರಿಗಿಳಿದು ಫೋಟೊ ತೆಗೆದವರ ಬಗ್ಗೆ ನನಗೆ ಗೌರವವಿದೆ. ಆದರೆ ನೀರು ಇಳಿಯುತ್ತಿದ್ದಂತೆ ಕ್ಯಾಮೆರಾಗಳೂ ಊರು ಬಿಡುತ್ತವೆ. ಮನೆಯೊಳಗಿನ ಕೆಸರನ್ನು ಬುಟ್ಟಿಯಲ್ಲಿ ಹೊತ್ತು ಹಾಕುವ ಹೆಣ್ಣುಮಕ್ಕಳ ಚಿತ್ರ ಅಪರೂಪ. ಹೀಗಾಗಿ ಈ ಸೀಮೆಯ ಬದುಕನ್ನು ಕ್ಯಾಮೆರಾ ನಿಂತು ನೋಡಿದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ನಿಪ್ಪಾಣಿಯ ಕಡೆಗೇ, ಅಲ್ಲಿ ತೆಗೆದ ಒಂದು ಚಿತ್ರದ ಕಡೆಗೇ ಬೆರಳು ತೋರಿಸುತ್ತೇನೆ.

1982ರಲ್ಲಿ ತಯಾರಾದ, ಸುಮಾರು 25 ನಿಮಿಷಗಳ, ಕಪ್ಪು–ಬಿಳುಪಿನ ಮರಾಠಿ ಸಾಕ್ಷ್ಯಚಿತ್ರ ಅದು: ‘ತಂಬಾಕು ಚಾಕಿಲ ಊಬ್ ಆಲಿ’. ಹೊರಗೆ ‘ಟೊಬ್ಯಾಕೊ ಎಂಬರ್ಸ್’ ಎಂದೇ ಹೆಸರುವಾಸಿ. ಮಾಡಿದ್ದು ‘ಯುಗಾಂತರ’ ಎಂಬ ಬಳಗ. ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಸೇರಿ 1980ರಲ್ಲಿ ಕಟ್ಟಿಕೊಂಡದ್ದು. ಕ್ಯಾಮೆರಾ ನವರೋಜರದು. ಮಣಿ ಕೌಲರ ‘ದುವಿಧಾ’ ಚಿತ್ರಕ್ಕೆ ದುಡಿದ ಕಣ್ಣು ಅದು. ಬೆಂಗಳೂರನ್ನೇ ಊರು ಮಾಡಿಕೊಂಡಿದ್ದ ಅವರು ಸ್ಥಿರಚಿತ್ರಗಳಲ್ಲೂ ಅಷ್ಟೇ ಪಳಗಿದವರು. 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಆ ಕಾಲದ ನಿಪ್ಪಾಣಿ ಕುದಿಯುತ್ತಿತ್ತು. ಬೆಲೆಗಾಗಿ ತಂಬಾಕು ರೈತರು ಹೆದ್ದಾರಿಯಲ್ಲಿ ಕುಳಿತರು, 1981ರ ಏಪ್ರಿಲ್‌ನಲ್ಲಿ ಗೋಲಿಬಾರ್ ಆಯಿತು, ಹೆಣಗಳು ಬಿದ್ದವು. ಅದು ಬಯಲಿನಲ್ಲಿ ನಡೆದದ್ದು. ಯಾರ ಕ್ಯಾಮೆರಾಕ್ಕಾದರೂ ಸಿಗುವಂಥದ್ದು. ವಖಾರಿಯ ಗೋಡೆಯೊಳಗೆ ತಂಬಾಕು ಕುಟ್ಟಿ, ಸೋಸಿ, ಸಂಜೆಗೆ ಅಲ್ಪ ಪಗಾರ ಹಿಡಿದು ಮನೆಗೆ ಹೋಗುತ್ತಿದ್ದ ಸಾವಿರಾರು ಹೆಣ್ಣುಮಕ್ಕಳ ಸಂಗತಿ ಬೇರೆ. ಒಳಗೆ ಬಿಡುವವರಾರು? ಬಿಟ್ಟರೂ ಮಾಲಕನ ಎದುರು ಬಾಯಿ ಬಿಡುವವರಾರು? ಯುಗಾಂತರದವರು ಸುಮಾರು ನಾಲ್ಕು ತಿಂಗಳು ಆ ಹೆಂಗಸರ ಮಾತು ಕೇಳಿದರು. ಸಂಘ ಕಟ್ಟಿದ್ದು, ಸಂಪು ಹೂಡಿದ್ದು ಎಲ್ಲವನ್ನೂ ಅವರ ಬಾಯಿಂದಲೇ ತಿಳಿದುಕೊಂಡು, ಅದರ ಬಲದ ಮೇಲೆ ಚಿತ್ರೀಕರಿಸಿದರು. ಛಾಯಾ ಪತ್ರಿಕೋದ್ಯಮ ಕಲಿಯುವ ಹುಡುಗ ಹುಡುಗಿಯರಿಗೆ ಲೆನ್ಸಿನ ಪಾಠಕ್ಕಿಂತ ಮೊದಲು ಈ ನಾಲ್ಕು ತಿಂಗಳ ಪಾಠ ಆಗಬೇಕು.

ಈಗ ಚೌಕಟ್ಟಿನೊಳಗೆ ನೋಡಿ. ತಂಬಾಕಿನ ರಾಶಿ, ಅದರ ನಡುವೆ ಮೂಗು–ಬಾಯಿಗೆ ಬಟ್ಟೆ ಕಟ್ಟಿಕೊಂಡು ಕುಳಿತವರು. ಭಾವಚಿತ್ರ ತೆಗೆಯುವವನಿಗೆ ಅರ್ಧ ಮುಖ ಹೋಯಿತು. ಉಳಿದದ್ದು ಕಣ್ಣು ಮತ್ತು ಕೈ. ಇಡೀ ದೃಶ್ಯ ನಿಂತಿರುವುದು ಆ ಎರಡರ ಮೇಲೆಯೇ. ಅಡಿಗಡಿಗೂ ದುಡ್ಡು ಬೀಳುತ್ತಿದ್ದ ಫಿಲಮ್ ಅದು. ನಾಲ್ಕುನೂರು ಅಡಿಯ 16 ಎಂಎಂ ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ, ಮತ್ತೆ ಮತ್ತೆ ತೆಗೆದು ಆರಿಸಿಕೊಳ್ಳುವ ಸೌಕರ್ಯವಿಲ್ಲ. ಅರೆಗತ್ತಲಲ್ಲಿ ದ್ಯುತಿರಂಧ್ರ ಪೂರ್ತಿ ತೆರೆದರೆ ಫೋಕಸ್ಸಿನ ಆಳ ಬೆರಳಗಲಕ್ಕೆ ಇಳಿಯುತ್ತದೆ, ಕುಟ್ಟುವ ಕೈ ಆ ಬೆರಳಗಲದೊಳಗೆ ನಿಲ್ಲುವುದಿಲ್ಲ. ಇಷ್ಟೆಲ್ಲ ಇಕ್ಕಟ್ಟಿನಲ್ಲೂ ನವರೋಜರ ನೋಟದಲ್ಲಿ ಅವಸರವಿಲ್ಲ. ಬಗ್ಗಿದ ಬೆನ್ನನ್ನು ಮೇಲಿನಿಂದ ಕನಿಕರಿಸಿ ನೋಡುವ ಚಟವೂ ಇಲ್ಲ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಬೆಳಕಿನಲ್ಲಿ ಏಳುವ ಧೂಳು ಕ್ಯಾಮೆರಾಕ್ಕೆ ಚೆಂದ ಕಾಣುತ್ತದೆ. ಯಾವ ಛಾಯಾಗ್ರಾಹಕನಾದರೂ ಅದಕ್ಕೆ ಸೋಲುತ್ತಾನೆ. ಆದರೆ ಆ ಘಾಟಿನ ಧೂಳು ಹೋಗಿ ಕೂರುವುದು ಆ ಹೆಂಗಸರ ಎದೆಗೂಡಿನಲ್ಲಿ. ಚೆಂದಕ್ಕೆ ನಾವು ಮೈಮರೆಯದಂತೆ ಈ ಚಿತ್ರ ನೋಡಿಕೊಳ್ಳುವುದು ದನಿಯಿಂದ. ಮಾತಾಡುವವರು ಅವರೇ, ‘ನಾವು’ ಎಂದು ಮಾತಾಡುತ್ತಾರೆ. ಗಂಭೀರ ಕಂಠದ ನಿರೂಪಕನೊಬ್ಬ ಬಂದು ಅವರ ಕಷ್ಟವನ್ನು ನಮಗೆ ವಿವರಿಸುವುದಿಲ್ಲ. ಕಣ್ಣು ರೂಪಕ್ಕೆ ಒಲಿಯುತ್ತಿರುವಾಗಲೇ ಕಿವಿಗೆ ಲೆಕ್ಕ ಬೀಳುತ್ತದೆ. ಸಾಕ್ಷ್ಯಚಿತ್ರದ ರಸ ಎಂದರೆ ನನ್ನ ಮಟ್ಟಿಗೆ ಈ ಎಳೆದಾಟವೇ.

ಕೊನೆಗೆ ಗುಂಪಾಗಿ ಸೇರಿದಾಗ ಅದೇ ಕೈಗಳು ಮೇಲೇಳುತ್ತವೆ. ಅಷ್ಟು ಹೊತ್ತು ಕೈಗಳನ್ನೇ ನೋಡಿಸಿದ್ದು ಏಕೆಂದು ಆಗ ಗೊತ್ತಾಗುತ್ತದೆ.

ಮೈಸೂರಿನ ಟಿ.ಎಸ್. ಸತ್ಯನ್ ನೆನಪಾಗುತ್ತಾರೆ. ಸಾಮಾನ್ಯರ ಮುಖಕ್ಕೆ ಅವರಷ್ಟು ಮರ್ಯಾದೆ ಕೊಟ್ಟ ಕನ್ನಡದ ಛಾಯಾಗ್ರಾಹಕರು ವಿರಳ. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯ ಗೋಡೆ ಏರಿದ್ದವು. ಅದೇ ಮರ್ಯಾದೆ ನಿಪ್ಪಾಣಿಯ ಈ ಚೌಕಟ್ಟುಗಳಲ್ಲೂ ಇದೆ.

ಯುಗಾಂತರದ ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಡಿಜಿಟಲ್ ಮಾಡಿ ಉಳಿಸಿದೆ. ಹೊರದೇಶದವರು ನೋಡಿ ಮೆಚ್ಚುತ್ತಿದ್ದಾರೆ. ನಿಪ್ಪಾಣಿ, ಚಿಕ್ಕೋಡಿಯ ಕಾಲೇಜಿನ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಕನ್ನಡದ ಅಡಿಬರಹ ಹಾಕಿಸಿ ಒಂದು ಮಧ್ಯಾಹ್ನ ಇದನ್ನು ತೋರಿಸಿ. ವಖಾರಿಯಲ್ಲಿ ದುಡಿದ ಅಜ್ಜಿಯಂದಿರು ಓಣಿಯಲ್ಲಿದ್ದರೆ ಅವರನ್ನೂ ಕರೆಯಿರಿ, ಮುಂದಿನ ಸಾಲಿನಲ್ಲೇ ಕೂರಿಸಿರಿ.