ಗೋಪುರದಡಿಯ ಸ್ಪೇನ್ ದೊರೆ

ಯುರೋಪಿನ ಹಳೆಯ ಬೆಳ್ಳಿ ನಾಣ್ಯದ ಹುಚ್ಚು ಹಿಡಿದವರು ಚೆನ್ನೈ ಬಳಿಯ ಎಣ್ಣೂರಿನ ಕಡೆ ತಿರುಗಿಯೂ ನೋಡುವುದಿಲ್ಲ. ಇಲ್ಲಿ ಕಾಣುವುದು ಹಾರುಬೂದಿ, ಅಳಿವೆಯ ಮೀನು, ಕಂಟೇನರ್ ಲಾರಿಗಳ ಸಾಲು. ಆದರೆ ಈ ಕರಾವಳಿಯಲ್ಲೇ ಉತ್ತರಕ್ಕೆ ಹೋದರೆ ಡಚ್ಚರು 1613ರಲ್ಲಿ ಗೆಲ್ಡ್ರಿಯಾ ಕೋಟೆ ಕಟ್ಟಿದ ಪಳವೇರ್ಕಾಡು. ದಕ್ಷಿಣಕ್ಕೆ ಇಂಗ್ಲಿಷರ ಸೇಂಟ್ ಜಾರ್ಜ್ ಕೋಟೆ. ಎರಡು ಕಡೆಯೂ ಟಂಕಸಾಲೆಗಳಿದ್ದವು.

ನಮ್ಮ ಬಟ್ಟೆಗೆ ಬದಲಾಗಿ ಕೊಡಲು ಡಚ್, ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗಳ ಬಳಿ ಬೆಳ್ಳಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಮೆಕ್ಸಿಕೊದಲ್ಲಿ ಅಚ್ಚಾದ ಸ್ಪೇನಿನ ಎಂಟು ರಿಯಾಲಿನ ಡಾಲರು ಯುರೋಪು ಸುತ್ತಿ ಇಲ್ಲಿಗೆ ಬರುತ್ತಿತ್ತು. ಬಂದದ್ದನ್ನು ಚಿನಿವಾರರು ತೂಗಿ, ಒರೆ ನೋಡಿ, ಮೂಸೆಗೆ ಹಾಕುತ್ತಿದ್ದರು. ಹೊರಬರುತ್ತಿದ್ದದ್ದು ರೂಪಾಯಿ. ಅಷ್ಟೊಂದು ಬೆಳ್ಳಿ ಇಳಿದ ದಡದಲ್ಲಿ ಇಂದು ಡಾಲರು ಅಪರೂಪವಾಗಲು ಇದೇ ಕಾರಣ.

ಡಚ್ಚರ ಬೆಳ್ಳಿ ನಾಣ್ಯ ಡ್ಯುಕಟಾನಿನ ಕಥೆ ಇನ್ನೂ ಸ್ವಾರಸ್ಯದ್ದು. ತಾಯ್ನಾಡಿಗಿಂತ ಏಷ್ಯಾದಲ್ಲಿ ಅದಕ್ಕೆ ಬೆಲೆ ಹೆಚ್ಚು. ಹಾಗಾಗಿ ನಾವಿಕರು ಬಟ್ಟೆಯಲ್ಲಿ ಹೊಲಿದುಕೊಂಡು ಕದ್ದು ಸಾಗಿಸುತ್ತಿದ್ದರು. 1740ರಲ್ಲಿ ಇಂಗ್ಲೆಂಡಿನ ತೀರದಲ್ಲಿ ಮುಳುಗಿದ ರೋಸ್ವೈಕ್ ಹಡಗಿನಲ್ಲಿ ಅಂಥ ಕಳ್ಳ ಬೆಳ್ಳಿಯೂ ಸಿಕ್ಕಿದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲು ಮದರಾಸಿನ ಅರ್ಧ ಪಗೋಡ. 1807ರ ಸುಮಾರಿಗೆ ಇಂಗ್ಲಿಷ್ ಕಂಪನಿ ಸ್ಪೇನಿನ ಡಾಲರನ್ನು ಕರಗಿಸದೆ, ತೂಕ ಇಳಿಸಿ, ಅದರ ಮೇಲೆಯೇ ಹೊಸ ಮುದ್ರೆ ಒತ್ತಿತು. ಒಂದು ಬದಿಗೆ ಚುಕ್ಕಿಗಳ ನಡುವೆ ದೇವಾಲಯದ ಗೋಪುರ, ಇನ್ನೊಂದಕ್ಕೆ ಕಮಲದ ಮೇಲೆ ವಿಷ್ಣು. ಇಂಗ್ಲಿಷ್, ಪಾರಸಿ, ತಮಿಳು, ತೆಲುಗು ಎಲ್ಲ ಇವೆ, ಕನ್ನಡವಿಲ್ಲ. ಲೆಕ್ಕ ಮಾತ್ರ ನಮ್ಮ ವಿಜಯನಗರದ ವರಾಹದ್ದು, ಪಗೋಡ ಎಂದರೆ ಅದೇ! ಕೆಲವು ನಾಣ್ಯಗಳನ್ನು ಓರೆ ಬೆಳಕಿಗೆ ಹಿಡಿದರೆ ಗೋಪುರದಡಿಯಿಂದ ಸ್ಪೇನಿನ ಅಕ್ಷರ, ದೊರೆಯ ಮುಖದ ಗೆರೆ ಇಣುಕುತ್ತವೆ. ಹರಾಜಿನವರು ಇದನ್ನು ಕುಂದು ಎಂದು ಬೆಲೆ ಇಳಿಸಿದರೆ ಇಳಿಸಲಿ, ಕೊಳ್ಳುವ ನಮಗೇ ಲಾಭ. ಆ ಗೆರೆಯಿಲ್ಲದ ನುಣುಪು ನಾಣ್ಯ ನನಗೆ ಸಪ್ಪೆ.

ಡಾಲರನ್ನೇ ಕೊಳ್ಳುವವರು ಮೊದಲು ತೂಗಿ: 27 ಗ್ರಾಂ ಆಸುಪಾಸು ಇರಬೇಕು, ಬಳಕೆಯಲ್ಲಿ ಸವೆದದ್ದು ತುಸು ಕಡಿಮೆ. ಆಮೇಲೆ ಅಂಚು ನೋಡಿ. 1732ರಿಂದ 1772ರವರೆಗಿನ ಕಂಬದ ಡಾಲರಿಗೆ ಎಲೆಬಳ್ಳಿಯ ಅಂಚು, ನಂತರದ ಮುಖದ ಡಾಲರಿಗೆ ವೃತ್ತ, ಆಯತಗಳ ಸರಣಿ. ಅಂಚಿನ ಸುತ್ತ ಬೆಸುಗೆಯ ಗೆರೆ ಕಂಡರೆ ವಾಪಸು ಕೊಟ್ಟು ಬನ್ನಿ. ಚಿನಿವಾರರ ಚುಚ್ಚುಗುರುತು ಇದ್ದರೆ ಹೆದರಬೇಡಿ. ಹುಣಸೆಹಣ್ಣು ಹಾಕಿ ತಿಕ್ಕುವವರ ಕೈಗೆ ಮಾತ್ರ ಕೊಡಬೇಡಿ. ಇನ್ನೂರು ವರ್ಷದ ಕಪ್ಪು ಒಂದೇ ನಿಮಿಷಕ್ಕೆ ಹೋಗುತ್ತದೆ, ಜೊತೆಗೆ ಬೆಲೆಯೂ.

ಕೊಳ್ಳುವ ಮುನ್ನ ಕಣ್ಣು ಪಳಗಬೇಕು. ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ, ಕಂಪನಿ ಕಾಲದ ನಾಣ್ಯಗಳನ್ನು ಕೇಳಿ ನೋಡಿ. ವಾರದ ರಜೆ ಯಾವತ್ತೆಂದು ಮೊದಲೇ ವಿಚಾರಿಸಿಕೊಳ್ಳಿ.