ಪಟ್ಟಿಯಿಂದ ಬಿಟ್ಟುಹೋದವರು

ಆದಿ ಧರ್ಮಸಭೆಯೊಳಗೆ ಎದ್ದ ಮೊದಲ ಗೊಣಗಾಟ ಯಾವುದೇ ಸಿದ್ಧಾಂತವನ್ನು ಕುರಿತದ್ದಲ್ಲ. ಅದು ಅನ್ನದ ಹಂಚಿಕೆಯನ್ನು ಕುರಿತದ್ದು. ಜೆರುಸಲೇಮಿನಲ್ಲಿ ದಿನನಿತ್ಯ ನಡೆಯುತ್ತಿದ್ದ ವಿತರಣೆಯಲ್ಲಿ ಗ್ರೀಕ್ ಭಾಷೆಯನ್ನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರನ್ನು 'ಪ್ರೇಷಿತರ ಕಾರ್ಯಕಲಾಪಗಳು' ಗ್ರಂಥದ ಆರನೆಯ ಅಧ್ಯಾಯ ಮುಚ್ಚುಮರೆಯಿಲ್ಲದೆ ದಾಖಲಿಸಿದೆ. ಪ್ರೇಷಿತರು ದೂರಿದವರನ್ನು ಗದರಲಿಲ್ಲ. ಸಭೆಯನ್ನು ಕರೆದು, ಏಳು ಮಂದಿಯನ್ನು ಆರಿಸುವ ಹೊಣೆಯನ್ನು ಸಮುದಾಯಕ್ಕೇ ಒಪ್ಪಿಸಿದರು. ಹಾಗೆ ಆಯ್ಕೆಯಾದ ಏಳು ಜನರ ಹೆಸರುಗಳೂ ಗ್ರೀಕ್ ಹೆಸರುಗಳೇ. ದೂರು ತಂದ ಕಡೆಯವರ ಕೈಗೇ ಹಂಚಿಕೆಯ ಸೌಟು ಬಂದಿತೆಂದು ಇದರಿಂದ ಊಹಿಸಬಹುದು. ವಿಪತ್ತಿನ ಸಮಯದಲ್ಲಿ ನಮ್ಮ ಧರ್ಮಸಭೆ ನಡೆಸುವ ಪರಿಹಾರ ಕಾರ್ಯವನ್ನು ಅಳೆಯಲು ಇದಕ್ಕಿಂತ ಉತ್ತಮವಾದ ಅಳತೆಗೋಲು ನನಗೆ ತೋರುತ್ತಿಲ್ಲ.

ಮೊದಲು ಮೆಚ್ಚಬೇಕಾದುದನ್ನು ಮೆಚ್ಚೋಣ. ನೆರೆ, ಭೂಕಂಪ, ಚಂಡಮಾರುತಗಳು ಬಂದೆರಗಿದಾಗ ಹೊರಗಿನವರು ದಾರಿ ಹುಡುಕುತ್ತಿರುವಾಗಲೇ ಧರ್ಮಕೇಂದ್ರವು ಅಲ್ಲಿ ಇದ್ದೇ ಇರುತ್ತದೆ. ಶಾಲೆಯ ಕೊಠಡಿಗಳು ಆಶ್ರಯತಾಣಗಳಾಗುತ್ತವೆ. ಧರ್ಮಭಗಿನಿಯರಿಗೆ ಮನೆಮನೆಯ ಪರಿಚಯವಿರುತ್ತದೆ. ಧರ್ಮಕೇಂದ್ರದಿಂದ ಧರ್ಮಕ್ಷೇತ್ರದ ಸಮಾಜಸೇವಾ ಸಂಸ್ಥೆಗೆ, ಅಲ್ಲಿಂದ ಭಾರತದ ಧರ್ಮಾಧ್ಯಕ್ಷರು 1962ರಲ್ಲಿ ಸ್ಥಾಪಿಸಿದ ಕಾರಿತಾಸ್ ಇಂಡಿಯಾಕ್ಕೆ, ಮುಂದೆ 1951ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಕಾರಿತಾಸ್ ಒಕ್ಕೂಟಕ್ಕೆ ಈ ಜಾಲ ಹಬ್ಬಿದೆ. ಅಗತ್ಯದ ಸುದ್ದಿ ಕೆಳಗಿನಿಂದ ಮೇಲಕ್ಕೂ ನೆರವು ಮೇಲಿನಿಂದ ಕೆಳಕ್ಕೂ ಹರಿಯಬೇಕೆಂಬುದು ಇದರ ಉದ್ದೇಶ.

ಆದರೆ ಹರಿಯುವುದೆಲ್ಲ ಅಗತ್ಯವಿದ್ದಲ್ಲಿಗೇ ತಲುಪುತ್ತದೆಯೇ? 2004ರ ಡಿಸೆಂಬರ್ 26ರ ಭಾನುವಾರವನ್ನು ನೆನೆಯೋಣ. ಅಂದು ಪವಿತ್ರ ಕುಟುಂಬದ ಹಬ್ಬ. ವೇಳಾಂಗಣ್ಣಿಯ ಕಡಲತೀರದಲ್ಲಿದ್ದ ನೂರಾರು ಯಾತ್ರಿಕರನ್ನು ಸುನಾಮಿ ಸೆಳೆದೊಯ್ದಿತು. ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನ ಮಡಿದರು. ಆರೋಗ್ಯ ಮಾತೆಯ ಆ ಊರು ನಮ್ಮ ಕುಟುಂಬಗಳಿಗೆ ದೂರದ್ದಲ್ಲ. ಎಲ್ಲರ ಮನವೂ ಕರಗಿತು. ನಾನಿದ್ದ ಧರ್ಮಕೇಂದ್ರದಲ್ಲೂ ಬಟ್ಟೆಯ ಮೂಟೆಗಳು ರಾಶಿಬಿದ್ದವು. ಲಾರಿ ಹೊರಟಾಗ ಅದನ್ನು ಆಶೀರ್ವದಿಸಿದವನು ನಾನೇ. ಮೂಟೆಯೊಳಗೆ ಏನಿದೆಯೆಂದು ಬಿಚ್ಚಿ ನೋಡಲಿಲ್ಲ, ಅಲ್ಲಿ ಏನು ಬೇಕೆಂದು ಯಾರನ್ನೂ ಕೇಳಲಿಲ್ಲ. ನಾಡಿನ ನಾನಾ ಕಡೆಗಳಿಂದ ಬಂದ ಹಳೆಯ ಬಟ್ಟೆಗಳು ನಾಗಪಟ್ಟಣದ ರಸ್ತೆಬದಿಗಳಲ್ಲಿ ಅನಾಥವಾಗಿ ಬಿದ್ದಿದ್ದವೆಂಬುದು ಅನಂತರ ತಿಳಿಯಿತು. ದುಡಿದು ಉಡುತ್ತಿದ್ದ ಮೀನುಗಾರರು ಅವುಗಳನ್ನು ಮುಟ್ಟಲೊಪ್ಪಲಿಲ್ಲ. ಅಂದು ನಾವು ಕಳುಹಿಸಿದ್ದು ನಮ್ಮ ಕನಿಕರವನ್ನೋ, ನಮ್ಮ ಬೀರುವಿನ ಹೊರೆಯನ್ನೋ ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಬಟ್ಟೆಯ ತಪ್ಪು ಕಣ್ಣಿಗೆ ಕಾಣುವಂಥದು. ಪಟ್ಟಿಯ ತಪ್ಪು ಕಾಣದು. ದೋಣಿ ಕಳೆದುಕೊಂಡವನ ನಷ್ಟವನ್ನು ಎಣಿಸುವುದು ಸುಲಭ. ಆದರೆ ಉಪ್ಪುನೀರು ನುಗ್ಗಿದ ಹೊಲಗಳಲ್ಲಿ ಕೂಲಿ ಕಳೆದುಕೊಂಡ ದಲಿತರು, ತಲೆಹೊರೆಯಲ್ಲಿ ಮೀನು ಮಾರುತ್ತಿದ್ದ ಹೆಣ್ಣುಮಕ್ಕಳು, ಗಂಡಸರಿಲ್ಲದ ಮನೆಗಳು ಎಷ್ಟೋ ಪಟ್ಟಿಗಳಿಂದ ಹೊರಗುಳಿದವು. ಇನ್ನೊಂದೆಡೆ, ದಾನಿಗಳು ಪೈಪೋಟಿಯಿಂದ ಫೈಬರ್ ದೋಣಿಗಳನ್ನು ಕೊಟ್ಟದ್ದರಿಂದ ಹಲವು ಊರುಗಳಲ್ಲಿ ದುರಂತಕ್ಕೆ ಮುನ್ನ ಇದ್ದುದಕ್ಕಿಂತ ಹೆಚ್ಚು ದೋಣಿಗಳಾದವು. ದೋಣಿಯ ಪಕ್ಕದಲ್ಲಿ ಫಲಕ ನಿಲ್ಲಿಸಿ ಚಿತ್ರ ತೆಗೆಯಬಹುದು. ಉಪ್ಪುಗಟ್ಟಿದ ಮಣ್ಣಿನ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ? ಇದು ಚರ್ಚ್ ಸಂಸ್ಥೆಗಳದಷ್ಟೇ ದೋಷವಲ್ಲ, ನಿಜ. ಆದರೆ ನಾವು ಅದಕ್ಕೆ ಹೊರತೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಧರ್ಮಕೇಂದ್ರವಿರುವಲ್ಲಿ ನಮ್ಮ ನೆರವು ಬೇಗ ತಲುಪುತ್ತದೆ. ಇಲ್ಲದಲ್ಲಿಗೆ ತಡವಾಗಿ ಹೋಗುತ್ತದೆ. ಕುಟುಂಬಗಳ ವಹಿ ಕೈಯಲ್ಲಿರುವುದು ನಮ್ಮ ಬಲ. ಆ ವಹಿಯಾಚೆಗೆ ನೋಡದಿರುವುದು ನಮ್ಮ ದೌರ್ಬಲ್ಯ.

ಮಾರ್ಗದರ್ಶನಕ್ಕೇನೂ ಕೊರತೆಯಿಲ್ಲ. ಪರಿಹಾರ ಸಂಸ್ಥೆಗಳಿಗಾಗಿ ರೆಡ್‌ಕ್ರಾಸ್ ಮೊದಲಾದವರು 1994ರಲ್ಲಿ ರೂಪಿಸಿದ ನಡವಳಿಕೆಯ ಸಂಹಿತೆಗೆ ಅಂತರರಾಷ್ಟ್ರೀಯ ಕಾರಿತಾಸ್ ಕೂಡ ಬೆಂಬಲವಾಗಿ ನಿಂತಿತ್ತು. ಜಾತಿಮತವನ್ನೆಣಿಸದೆ ಅಗತ್ಯವನ್ನಷ್ಟೇ ನೋಡಿ ನೆರವು ನೀಡಬೇಕು. ಕೊಟ್ಟವರಿಗೆ ಮಾತ್ರವಲ್ಲ, ಪಡೆದವರಿಗೂ ಲೆಕ್ಕ ಒಪ್ಪಿಸಬೇಕು. ಸಂತ್ರಸ್ತರನ್ನು ದೈನ್ಯದ ಚಿತ್ರಗಳನ್ನಾಗಿಸದೆ ಘನತೆಯುಳ್ಳ ಮನುಷ್ಯರೆಂದು ಕಾಣಬೇಕು. ಅದರ ತಾತ್ಪರ್ಯ ಇಷ್ಟು. 2005ರ ಕೊನೆಯಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ತಮ್ಮ ಮೊದಲ ವಿಶ್ವಪತ್ರದಲ್ಲಿ, ಪ್ರೀತಿಯ ಸೇವೆಯು ಮತಾಂತರಕ್ಕೆ ಸಾಧನವಾಗಕೂಡದೆಂದೂ, ಸೇವೆ ಮಾಡುವವರಿಗೆ ಹೃದಯದ ಸಂಸ್ಕಾರದ ಜೊತೆಗೆ ವೃತ್ತಿಕೌಶಲವೂ ಬೇಕೆಂದೂ ಬೋಧಿಸಿದರು. ಸಂತ ಪೌಲನೂ ಜೆರುಸಲೇಮಿನ ಬಡವರಿಗಾಗಿ ಕಾಣಿಕೆ ಕೂಡಿಸುವಾಗ, ಸಭೆಗಳು ನೇಮಿಸಿದವರನ್ನು ಜೊತೆಗಿರಿಸಿಕೊಂಡು ಆಪಾದನೆಗೆ ಎಡೆಗೊಡದಂತೆ ಎಚ್ಚರ ವಹಿಸಿದ್ದನು. ಲೆಕ್ಕ ಕೇಳುವುದು ಅವಿಶ್ವಾಸವಲ್ಲ. ಅದು ಪ್ರೇಷಿತ ಪರಂಪರೆ.

ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆದ್ದರಿಂದ ಭಾನುವಾರದ ನಮ್ಮ ಕಾಣಿಕೆ ಈಗ ಹಿಂದೆಂದಿಗಿಂತಲೂ ಮುಖ್ಯ. ಅದರ ಜೊತೆಗೆ ನಮ್ಮ ಹೊಣೆಯೂ ಹೆಚ್ಚಿದೆ. ಮುಂದಿನ ಮಳೆಗಾಲಕ್ಕೆ ಮುನ್ನವೇ ನಮ್ಮ ಪಾಲನಾ ಸಮಿತಿಗಳು ಕುಳಿತು, ಗಡಿಯಾಚೆಯ ಕೇರಿಗಳನ್ನೂ ಒಳಗೊಂಡ ಪಟ್ಟಿಯನ್ನು ಸಿದ್ಧಪಡಿಸಬಾರದೇಕೆ? ವಸ್ತುಗಳನ್ನು ಕೂಡಿಸುವ ಮೊದಲು ಅಲ್ಲಿನವರನ್ನು ಕೇಳಬಾರದೇಕೆ? ಹಂಚಿಕೆ ಮುಗಿದ ತಿಂಗಳ ಬಳಿಕ ಮತ್ತೊಮ್ಮೆ ಹೋಗಿ, ಬಿಟ್ಟುಹೋದವರು ಯಾರೆಂದು ವಿಚಾರಿಸಬಾರದೇಕೆ?

ಆಗ ಯಾರಾದರೊಬ್ಬ ತಾಯಿ ಎದ್ದುನಿಂತು, "ಸ್ವಾಮಿ, ನಮಗೆ ಏನೂ ಬರಲಿಲ್ಲ" ಎಂದರೆ ನಮ್ಮ ಮುಖ ಬಾಡದಿರಲಿ. ಅಂಥದೇ ಒಂದು ದೂರನ್ನು ಕೇಳಿಸಿಕೊಂಡದ್ದರಿಂದಲೇ ಧರ್ಮಸಭೆಗೆ ಆ ಏಳು ಮಂದಿ ಸೇವಕರು ದೊರೆತರು.